ಗಾಳಿಯ ಕಣದ ಪಾಕ ನೋಡುವ ಸೂಜಿ

ಸಕ್ಕರೆ ಪಾಕ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಅಡುಗೆಯವರು ಒಂದು ಹನಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಎಳೆ ಬರುತ್ತದೆಯೇ ಎಂದು ನೋಡುತ್ತಾರೆ. ಗಾಳಿಯಲ್ಲಿ ತೇಲುವ ಸಾವಯವ ಕಣಗಳ ಸ್ನಿಗ್ಧತೆಯನ್ನು, ಅಂದರೆ ಅವು ಹರಿವಿಗೆ ಒಡ್ಡುವ ತಡೆಯನ್ನು, ಅಳೆಯುವವರ ಪ್ರಶ್ನೆಯೂ ಅದೇ, ಆದರೆ ಅವರ ಹನಿ ಬೆರಳಿಗೆ ಸಿಗುವಷ್ಟು ದೊಡ್ಡದಲ್ಲ. ಪೈನ್ ಮರಗಳು ಹೊರಸೂಸುವ ಆಲ್ಫಾ-ಪೈನೀನ್ ಓಝೋನಿನೊಡನೆ ವರ್ತಿಸಿ ಹುಟ್ಟಿದ ಕಣ ಜೇನಿನಂತೆ ಹರಿಯುತ್ತದೆಯೋ, ಗಾಜಿನಂತೆ ಬಿಗಿದು ಕೂರುತ್ತದೆಯೋ ಎಂಬುದರ ಮೇಲೆ ಅದರೊಳಗೆ ಅಣುಗಳು ಎಷ್ಟು ಬೇಗ ಓಡಾಡುತ್ತವೆ ಎಂಬುದು ನಿಂತಿದೆ. ಫಿನ್ಲೆಂಡಿನ ಕಾಡಿನ ಕಣಗಳು ತಟ್ಟೆಗೆ ಬಡಿದು ಪುಟಿಯುವುದನ್ನು 2010ರಲ್ಲಿ ವರದಿ ಮಾಡಿದ ಸಂಶೋಧಕರು ಅವು ಘನದಂತಿವೆ ಎಂದರು. ಆದರೆ ಪುಟಿತದಿಂದ ಸಂಖ್ಯೆ ಸಿಗುವುದಿಲ್ಲ. ಸಂಖ್ಯೆ ಕೊಡುವ ವಿಧಾನಗಳ ಪೈಕಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಬೆಳೆಸಿದ 'ಪೋಕ್-ಫ್ಲೋ', ಅಂದರೆ ಚುಚ್ಚಿ ಹರಿವನ್ನು ನೋಡುವ ವಿಧಾನವನ್ನು ಇಲ್ಲಿ ತೂಗಿ ನೋಡಿದ್ದೇನೆ.

ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ಆರ್ದ್ರತೆಯನ್ನು ಹಿಡಿತದಲ್ಲಿಡುವ ಪುಟ್ಟ ಕೋಶ ಮತ್ತು ಒಂದು ಸೂಜಿ. ಗಾಜಿನ ಮೇಲೆ ಕೂರಿಸಿದ, ಕೆಲವು ಹತ್ತು ಮೈಕ್ರೋಮೀಟರ್ ಅಗಲದ ಕಣವನ್ನು ಸೂಜಿಯಿಂದ ಚುಚ್ಚಿ ತೆಗೆದರೆ ನಡುವೆ ತೂತು ಉಳಿದು ಕಣ ಉದ್ದಿನ ವಡೆಯಂತೆ ಕಾಣುತ್ತದೆ. ಮೇಲ್ಮೈ ಎಳೆತ ಆ ತೂತನ್ನು ಮೆಲ್ಲಗೆ ಮುಚ್ಚುತ್ತದೆ. ತೂತಿನ ವ್ಯಾಸ ಅರ್ಧಕ್ಕೆ ಇಳಿಯಲು ಹಿಡಿದ ಸಮಯವನ್ನು ಗಣಕದ ಹರಿವಿನ ಮಾದರಿಗೆ ಕೊಟ್ಟರೆ ಸ್ನಿಗ್ಧತೆ ಹೊರಬರುತ್ತದೆ. ಈ ಸರಳತೆಯೇ ನನಗೆ ಅತ್ಯಂತ ಹಿಡಿಸಿದ ಗುಣ. ಸ್ನಿಗ್ಧತೆ ಮೊದಲೇ ಗೊತ್ತಿರುವ ಸಕ್ಕರೆ ದ್ರಾವಣವನ್ನೇ ಚುಚ್ಚಿ ವಿಧಾನವನ್ನು ಪರೀಕ್ಷಿಸಬಹುದು. ಪಾಕ ಇಲ್ಲಿಯೂ ಒರೆಗಲ್ಲೇ.

ಇನ್ನು ದೂರುಗಳು. ಮೇಲ್ಮೈ ಎಳೆತವನ್ನೂ ಗಾಜಿನ ಮೇಲೆ ಕಣ ಜಾರುವ ಬಗೆಯನ್ನೂ ಅಂದಾಜಿನಿಂದ ತುಂಬಬೇಕಾಗುವುದರಿಂದ ಉತ್ತರ ಒಂದೇ ಸಂಖ್ಯೆಯಾಗಿ ಬರದೆ, ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ಅಂತರವಿರುವ ಎರಡು ಮಿತಿಗಳಾಗಿ ಬರುತ್ತದೆ. ಸ್ನಿಗ್ಧತೆಯ ಮಾನವಾದ ಪ್ಯಾಸ್ಕಲ್ ಸೆಕೆಂಡ್‌ನಲ್ಲಿ ನೀರು 0.001, ಜೇನು ಸುಮಾರು 10, ಡಾಂಬರಿನಂಥ ಪಿಚ್ ಸುಮಾರು 10 ಕೋಟಿ, ಗಾಜು ಲಕ್ಷ ಕೋಟಿ ಎಂಬ ಏಣಿಯಲ್ಲಿ ಈ ಸಡಿಲಿಕೆಯನ್ನು ಸಹಿಸಬಹುದು. ಬಹಳ ಒಣ ಹವೆಯಲ್ಲಿ ಕಣ ಹರಿಯುವ ಬದಲು ಒಡೆದು ಚೂರಾಗುತ್ತದೆ, ಆಗ ಸಿಗುವುದು ಕನಿಷ್ಠ ಮಿತಿ ಮಾತ್ರ. ನನಗೆ ಹೆಚ್ಚು ಅಳುಕು ತರುವುದು ಗಾತ್ರ: ಕಾಡಿನ ಮೇಲೆ ತೇಲುವ 100 ನ್ಯಾನೋಮೀಟರ್ ಕಣಕ್ಕೆ ಹೋಲಿಸಿದರೆ, ಚುಚ್ಚಿಸಿಕೊಳ್ಳುವ 50 ಮೈಕ್ರೋಮೀಟರ್ ಕಣದ ಘನಗಾತ್ರ ಹನ್ನೆರಡೂವರೆ ಕೋಟಿ ಪಟ್ಟು.

ಪ್ರತಿಸ್ಪರ್ಧಿಗಳಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬೆಳೆದ ಲೇಸರ್ ಚಿಮುಟದ ವಿಧಾನ ಹೆಚ್ಚು ನಾಜೂಕಿನದು. ಅಲ್ಲಿ ಎರಡು ಹನಿಗಳನ್ನು ಗಾಳಿಯಲ್ಲೇ ಹಿಡಿದು ಕೂಡಿಸಿ, ಅವು ದುಂಡಗಾಗಲು ಹಿಡಿಯುವ ಸಮಯವನ್ನು ನೋಡುತ್ತಾರೆ. ಗಾಜಿನ ತಂಟೆಯೇ ಇಲ್ಲ. ಆದರೆ ಸ್ನಿಗ್ಧತೆ ಸಾವಿರವಿದ್ದಾಗ ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಸಾಕಾದ ಕೆಲಸಕ್ಕೆ, ಅದು 100 ಕೋಟಿಯಾದಾಗ ಸುಮಾರು 20 ಗಂಟೆ ಕಾಯಬೇಕು.

ಆಲ್ಫಾ-ಪೈನೀನ್ ಕಣಗಳು ಶೇ. 30ಕ್ಕಿಂತ ಕಡಿಮೆ ಸಾಪೇಕ್ಷ ಆರ್ದ್ರತೆಯಲ್ಲಿ ಪಿಚ್‌ನಷ್ಟು ಅಥವಾ ಇನ್ನೂ ಬಿಗಿಯಾಗಿರುತ್ತವೆ ಎಂಬ 2013ರ ಫಲಿತಾಂಶದ ಹಿಂದಿದ್ದದ್ದು ಸೂಜಿಯೇ. ತೇವದ ಹವೆಯ ತೆಳು ಕಣಗಳಿಗೆ ಅದೇ ತಂಡ ಹನಿಯೊಳಗೆ ಸೂಕ್ಷ್ಮ ಮಣಿಗಳನ್ನು ಬಿಟ್ಟು ಅವುಗಳ ವೇಗವನ್ನು ಅಳೆಯಿತು. ಒಣ ಕಣಗಳ ಮೇಲೆ ಕೆಲಸ ಮಾಡುವ, ಹೆಚ್ಚು ಹಣವಿಲ್ಲದ ಪ್ರಯೋಗಾಲಯಕ್ಕೆ ಸೂಜಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸಾವಿರಕ್ಕಿಂತ ಕಡಿಮೆ ಸ್ನಿಗ್ಧತೆಯವರು ಮಣಿಗಳನ್ನೇ ಆರಿಸಿಕೊಳ್ಳಲಿ.