ಡೆಮೊ ಹಾಡು ಕೇಳಿ ಹಳೇ ಕೀಬೋರ್ಡ್ ಕೊಳ್ಳಬೇಡಿ

ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಮ್ಯೂಸಿಕ್ ಕೀಬೋರ್ಡ್ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. 6,500 ರೂಪಾಯಿ ಕೊಟ್ಟು, ಕಾರವಾರದಿಂದ ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತಂದ ಕೀಬೋರ್ಡ್ ಈಗ ನಮ್ಮನೆ ಅಟ್ಟದಲ್ಲಿದೆ. ಮಾರಿದವರು ಮಾಡಿದ ಉಪಾಯ ನಿಮಗೂ ಗೊತ್ತಿರಲಿ.

ತಂಗಿಯ ಮಗನಿಗೆ ಮೊಬೈಲ್ ಗೇಮ್ ಹುಚ್ಚು. ಮೇಲಿಂದ ಬೀಳುವ ಬಣ್ಣದ ಪಟ್ಟಿಗಳನ್ನು ತಾಳಕ್ಕೆ ಸರಿಯಾಗಿ ಒತ್ತುವ ಆಟವೊಂದಿದೆಯಲ್ಲ, ಅದರಿಂದಲೇ ಅವನಿಗೆ ಸಂಗೀತ ಕಲಿಯುವ ಆಸೆ ಹುಟ್ಟಿತು. ಹೊಸದು ತರುವಷ್ಟು ನಂಬಿಕೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ ಹಳೆಯದು.

ಮಾರಿದವರ ಮನೆ ಸಮುದ್ರಕ್ಕೆ ತೀರಾ ಹತ್ತಿರ. ಕೀಬೋರ್ಡ್ ಮಾತ್ರ ಫಳಫಳ. ನಾವು ಕೂತ ಕೂಡಲೇ ಅವರು ಡೆಮೊ ಗುಂಡಿ ಒತ್ತಿದರು. ಭರ್ಜರಿ ಹಾಡು, ಸ್ಪೀಕರ್ ಕೂಡ ಚೆನ್ನಾಗಿತ್ತು. ಆದರೆ ಡೆಮೊ ಹಾಡು ಒಳಗಿನ ಚಿಪ್‌ನಿಂದ ಬರುತ್ತದೆ. ಕೀಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲಾ ಕೀ ಕೆಟ್ಟಿದ್ದರೂ ಡೆಮೊ ಅಷ್ಟೇ ಚಂದ ಕೇಳಿಸುತ್ತದೆ. ಹುಡುಗ ಅಲ್ಲಲ್ಲಿ ನಾಲ್ಕು ಕೀ ಒತ್ತಿದ, ಎಲ್ಲವೂ ಒಂದೇ ಮಟ್ಟದಲ್ಲಿ ನುಡಿದವು.

ಉಪಾಯ ಇದ್ದದ್ದೇ ಆ 'ಒಂದೇ ಮಟ್ಟ'ದಲ್ಲಿ. ಒತ್ತಿದ ಜೋರಿಗೆ ತಕ್ಕಂತೆ ಸದ್ದು ಏರಿಳಿಸುವ 'ಟಚ್' ಸೌಲಭ್ಯ ಇರುವ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಮೊದಲು ತಾಗುತ್ತದೆ, ಇನ್ನೊಂದು ಚೂರು ತಡವಾಗಿ. ನಡುವಿನ ಸಮಯ ಅಳೆದು, ನೀವು ಮೆಲ್ಲಗೆ ಒತ್ತಿದಿರಾ ಜೋರಾಗಿ ಒತ್ತಿದಿರಾ ಅಂತ ಅದು ತಿಳಿಯುತ್ತದೆ. ಅವರು ಟಚ್ ಆಫ್ ಮಾಡಿಟ್ಟಿದ್ದರು. ಆಗ ಹೇಗೆ ಒತ್ತಿದರೂ ಒಂದೇ ಸದ್ದು, ಹುಳುಕು ಹೊರಗೆ ಬರುವುದಿಲ್ಲ.

ಮನೆಗೆ ಬಂದು ಆನ್ ಮಾಡಿದಾಗ ಟಚ್ ತಾನಾಗಿಯೇ ವಾಪಸ್ ಬಂದಿತ್ತು. ಹಲವು ಮಾಡೆಲ್‌ಗಳು ಹಾಗೇ, ಆಫ್ ಆದರೆ ಮೊದಲಿನ ಸೆಟ್ಟಿಂಗ್‌ಗೆ ಮರಳುತ್ತವೆ. ಹಾರ್ಮೋನಿಯಂ ಕಲಿಸುವ ಮೇಷ್ಟ್ರು ಕಪ್ಪು ಒಂದರಿಂದ ಸರಿಗಮ ಶುರುಮಾಡಿದರು. ಸ, ರಿ, ಗ ಸರಿಯಾಗಿಯೇ ಬಂತು. ಮಧ್ಯಮ ಕಿರುಚಿತು, ಪಂಚಮ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದರೆ ಪಂಚಮ ಬಂತು, ಮಧ್ಯಮ ಹೋಯಿತು. 'ಇದಕ್ಕೆ ಯಾವ ರಾಗ ಅಂತ ಹೆಸರಿಡೋದು ಮಾರಾಯ್ರೆ' ಅಂದರು ಮೇಷ್ಟ್ರು.

ರಿಪೇರಿಯವರು ಬಿಚ್ಚಿದಾಗ ಕಂಡದ್ದು ಕಿಲುಬು. ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಹಸಿರು ಪುಡಿ, ರಬ್ಬರ್ ಪಟ್ಟಿಯ ಕಪ್ಪು ಕಾರ್ಬನ್ ಬೊಟ್ಟುಗಳ ಮೇಲೆ ಅಂಟು ಜಿಡ್ಡು. ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಕೇಳಬೇಕಾ? ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರು. ಕೆಲವು ಕೀ ಬದುಕಿದವು. ಉಳಿದವಕ್ಕೆ ಹೊಸ ರಬ್ಬರ್ ಪಟ್ಟಿ ಬೇಕು, ಆ ಹಳೇ ಮಾಡೆಲ್‌ಗೆ ಅದು ಸಿಗಲಿಲ್ಲ.

ಮಾರಿದವರಿಗೆ ಫೋನ್ ಮಾಡಿದರೆ 'ನಮ್ಮಲ್ಲಿ ಸರಿ ಇತ್ತು, ಘಟ್ಟದಲ್ಲಿ ಕುಲುಕಿರಬೇಕು' ಅಂದರು. ಮರುದಿನದಿಂದ ನಂಬರ್ ಬ್ಲಾಕ್. ಜೊತೆಗೆ ಫ್ರೀ ಅಂತ ಕೊಟ್ಟ ಗೇಮ್ ಕಂಟ್ರೋಲರ್ ಕಥೆಯೂ ಅಷ್ಟೇ: ಕೈ ಮುಟ್ಟದಿದ್ದರೂ ಕ್ರಿಕೆಟ್ ಗೇಮ್‌ನ ಫೀಲ್ಡರ್ ತನ್ನಷ್ಟಕ್ಕೆ ಬೌಂಡರಿ ಕಡೆ ನಡೆಯುತ್ತಾನೆ.

ನೋಡಲು ಹೋದರೆ ಮೊದಲು ಆಫ್ ಮಾಡಿ ಆನ್ ಮಾಡಿಸಿ. ಟಚ್ ಆನ್ ಇದೆಯಾ ಅಂತ ಮೆನುವಿನಲ್ಲಿ ನೋಡಿ. ಎಡದ ತುದಿಯಿಂದ ಬಲದ ತುದಿವರೆಗೆ, ಕಪ್ಪು ಬಿಳಿ ಎರಡೂ, ಪ್ರತಿ ಕೀಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ. 61 ಕೀ ಅಂದರೆ ಐದು ನಿಮಿಷದ ಕೆಲಸ. ಅವರಿಗೆ ಬೇಜಾರಾದರೆ ಆಗಲಿ. ಅಡಾಪ್ಟರ್ ಅದರದ್ದೇನಾ ನೋಡಿ. ವೋಲ್ಟೇಜ್ ಅಥವಾ ಪ್ಲಸ್-ಮೈನಸ್ ಬದಲಾದರೆ ಬೋರ್ಡೇ ಸುಟ್ಟೀತು. ಯುಎಸ್‌ಬಿ ಮಿಡಿ, ಅಂದರೆ ಯಾವ ಕೀ ಎಷ್ಟು ಜೋರಾಗಿ ಒತ್ತಿದಿರಿ ಅಂತ ಫೋನಿಗೆ ಕಳಿಸುವ ಕಿಂಡಿ, ಇದ್ದರೆ ಇನ್ನೂ ಒಳ್ಳೆಯದು. ಫೋನಿಗೆ ಜೋಡಿಸಿ, ಒತ್ತಿದ ಜೋರನ್ನು ಅಂಕಿಯಲ್ಲಿ ತೋರಿಸುವ ಆ್ಯಪ್ ತೆರೆಯಿರಿ. ಅದು 1ರಿಂದ 127ರವರೆಗೆ ತೋರಿಸುತ್ತದೆ. ಎಷ್ಟು ಮೆಲ್ಲಗೆ ಒತ್ತಿದರೂ 127 ಅಂತಲೇ ತೋರಿಸುವ ಕೀ ಕೆಟ್ಟಿದೆ ಅಂತಲೇ ಲೆಕ್ಕ.

ಮೊನ್ನೆ, ನಮಗೆ ಮಾರಿದ ಕೀಬೋರ್ಡಿನ ಫೋಟೋದಲ್ಲಿದ್ದ ಅದೇ ಹೂವಿನ ಚಾದರದ ಮೇಲಿಟ್ಟ ಇನ್ನೊಂದು ಕೀಬೋರ್ಡಿನ ಫೋಟೋ ಬೇರೆ ಹೆಸರಿನಲ್ಲಿ ಮಾರಾಟಕ್ಕೆ ಬಂದಿದೆ. ಅಂಕೋಲಾ, ಕುಮಟಾ ಕಡೆಯವರು ಯಾರಾದರೂ ನೋಡಲು ಹೊರಟಿದ್ದರೆ ಕೀಬೋರ್ಡನ್ನು ಫೋನಿಗೆ ಜೋಡಿಸಲು ಒಂದು ಒಟಿಜಿ ಕೇಬಲ್ ಜೇಬಿನಲ್ಲಿರಲಿ.