ಎಲ್ಲಕ್ಕೂ ಒಂದೇ ಲಾಗಿನ್ ಬೇಕಾ? 389 ಡೈರೆಕ್ಟರಿ ಸರ್ವರ್ ಹಾಕಿ ನೋಡಿ

ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಪಾಠಗಳ ವೆಬ್‌ಸೈಟ್ ಮೂಡಲ್‌ಗೆ ಒಂದು ಪಾಸ್‌ವರ್ಡ್, ಕೋಡ್ ಇಡುವ ಗಿಟಿಯಾಗೆ ಇನ್ನೊಂದು, ಲ್ಯಾಬಿನ ಲಿನಕ್ಸ್ ಮೆಷಿನ್‌ಗಳಿಗೆ ಮತ್ತೊಂದು. ಹೊಸ ಬ್ಯಾಚ್ ಬಂದಾಗಲೆಲ್ಲ ಇದೇ ಗೋಳು. ಅದಕ್ಕೇ ಎಲ್ಲರ ಅಕೌಂಟ್, ಪಾಸ್‌ವರ್ಡ್ ಒಂದೇ ಕಡೆ ಇಟ್ಟುಕೊಳ್ಳುವ 389 ಡೈರೆಕ್ಟರಿ ಸರ್ವರನ್ನು ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಕಂಟೈನರ್ ಎಂಬ ಪ್ರತ್ಯೇಕ ಡಬ್ಬದಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿದೆ. ತುಂಬಾ ಹಿಡಿಸಿತು.

ಇದು ನಿನ್ನೆ ಮೊನ್ನೆಯದಲ್ಲ. ನೆಟ್‌ಸ್ಕೇಪ್ ಮಾರುತ್ತಿದ್ದ ಡೈರೆಕ್ಟರಿ ಸರ್ವರ್ 2004ರಲ್ಲಿ ರೆಡ್ ಹ್ಯಾಟ್ ಕೈಗೆ ಬಂತು, ಆಮೇಲೆ ಓಪನ್ ಸೋರ್ಸ್ ಆಯಿತು. 389 ಅಂದರೆ ಎಲ್‌ಡ್ಯಾಪ್‌ನ (LDAP, ಇಂಥ ಡೈರೆಕ್ಟರಿಯ ಜೊತೆ ಆ್ಯಪ್‌ಗಳು ಮಾತಾಡುವ ಭಾಷೆ) ಪೋರ್ಟ್ ನಂಬರ್. ಕಂಟೈನರ್ ಒಳಗೆ ಮಾತ್ರ ಅದು 3389, ಗೂಢಲಿಪಿಯ ಸುರಕ್ಷಿತ ಸಂಪರ್ಕವಾದ ಟಿಎಲ್‌ಎಸ್‌ಗೆ (TLS) 3636. ಪೋರ್ಟ್ ಮ್ಯಾಪ್ ಮಾಡುವಾಗ ನೆನಪಿರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಡೇಟಾ ಫೋಲ್ಡರ್. ಕಾನ್ಫಿಗ್, ಡೇಟಾಬೇಸ್, ಸರ್ಟಿಫಿಕೇಟ್ ಎಲ್ಲ ಅದೊಂದರಲ್ಲೇ ಕೂರುತ್ತವೆ. ಅದನ್ನು ವಾಲ್ಯೂಮ್‌ಗೆ, ಅಂದರೆ ಕಂಟೈನರ್ ಹೊರಗೆ ಉಳಿಯುವ ಜಾಗಕ್ಕೆ, ಕಟ್ಟಿಬಿಟ್ಟರೆ ಆಯಿತು. ಕಂಟೈನರನ್ನು ಅಳಿಸಿ ಹೊಸ ಇಮೇಜ್ ಎಳೆದರೂ ಒಬ್ಬ ಹುಡುಗನ ಅಕೌಂಟ್ ಕೂಡ ಹೋಗುವುದಿಲ್ಲ. ಸರ್ಟಿಫಿಕೇಟ್ ಕೊಡದಿದ್ದರೆ ತಾನೇ ಒಂದನ್ನು ಮಾಡಿಕೊಳ್ಳುತ್ತದೆ. ನಿಮ್ಮದೇ ಇದ್ದರೆ ಟಿಎಲ್‌ಎಸ್ ಫೋಲ್ಡರ್‌ಗೆ ಹಾಕಿ ರೀಸ್ಟಾರ್ಟ್ ಮಾಡಿ, ಸಾಕು.

ಹೊಸಬರು ಗಾಬರಿಯಾಗುವ ಜಾಗ ಒಂದಿದೆ. ಕಂಟೈನರ್ ಎದ್ದಿರುತ್ತದೆ, ಲಾಗ್‌ನಲ್ಲಿ ಎಲ್ಲ ಸರಿ ಅಂತಲೇ ಇರುತ್ತದೆ. ಆದರೆ ಹುಡುಕಿದರೆ ಎರರ್ 32, ಅಂದರೆ ಅಂಥದ್ದೇನೂ ಇಲ್ಲ ಅಂತ ಉತ್ತರ. ಅದು ಕೆಟ್ಟಿಲ್ಲ, ಸುಮ್ನೆ ಖಾಲಿ ಇದೆ ಅಷ್ಟೇ. ಕಂಟೈನರ್ ಒಳಗೆ ಹೋಗಿ ಡಿಎಸ್‌ಕಾನ್ಫ್ (dsconf) ಕಮಾಂಡ್‌ನಿಂದ ಬ್ಯಾಕೆಂಡ್ (ಎಂಟ್ರಿಗಳನ್ನು ಇಡುವ ಡೇಟಾಬೇಸ್) ಮತ್ತು ಸಫಿಕ್ಸ್ (ಡೈರೆಕ್ಟರಿಯ ಬೇರಿನ ಹೆಸರು) ಮಾಡಬೇಕು. ಆಮೇಲೆ ಡಿಎಸ್‌ಐಡಿಎಂ (dsidm) ಕಮಾಂಡ್‌ನಲ್ಲಿ ಇನಿಶಿಯಲೈಸ್ ಕೊಟ್ಟರೆ ಪೀಪಲ್, ಗ್ರೂಪ್ಸ್ ಎಂಬ ವಿಭಾಗಗಳೆಲ್ಲ ಸಿದ್ಧ. ಒಳಗೆ ರೂಟ್ ಆಗಿರುವುದರಿಂದ ಇದಕ್ಕೆ ಪಾಸ್‌ವರ್ಡ್ ಕೇಳುವುದಿಲ್ಲ. ಹೊರಗಿನಿಂದ ಅಡ್ಮಿನ್ ಆಗಿ ಬರಲು ಮಾತ್ರ ಡೈರೆಕ್ಟರಿ ಮ್ಯಾನೇಜರ್ ಪಾಸ್‌ವರ್ಡ್ ಬೇಕು. ಅದನ್ನು ಮೊದಲೇ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಟ್ಟುಬಿಡಿ.

ತಕರಾರು ಒಂದೇ. ಯಾರು ಯಾವ ಗ್ರೂಪಿನಲ್ಲಿದ್ದಾರೆ ಅಂತ ಯೂಸರ್ ಎಂಟ್ರಿಯಲ್ಲೇ ತೋರಿಸುವ ಮೆಂಬರ್‌ಆಫ್ ಪ್ಲಗಿನ್ ಮೊದಲು ಆಫ್ ಇರುತ್ತದೆ. ಸ್ಟೂಡೆಂಟ್, ಸ್ಟಾಫ್ ಅಂತ ಬೇರೆ ಮಾಡಲು ಅದು ಬೇಕೇ ಬೇಕು ಅಲ್ವಾ? ಆನ್ ಮಾಡಿ, ಕಂಟೈನರ್ ರೀಸ್ಟಾರ್ಟ್ ಮಾಡಿ, ಮೊದಲೇ ಇದ್ದ ಗ್ರೂಪ್‌ಗಳ ಮಾಹಿತಿ ಯೂಸರ್ ಎಂಟ್ರಿಗಳಿಗೆ ಸೇರಲು ಫಿಕ್ಸಪ್ ಕಮಾಂಡ್ ಓಡಿಸಬೇಕು. ಇಷ್ಟು ಮುಖ್ಯವಾದದ್ದು ಆನ್ ಆಗಿಯೇ ಬರಬೇಕಿತ್ತು.

ಕಮಾಂಡ್ ಕಂಡರೆ ಆಗದವರು ಅಪಾಚೆ ಡೈರೆಕ್ಟರಿ ಸ್ಟುಡಿಯೋ ಎಂಬ ಆ್ಯಪ್ ಜೋಡಿಸಿಕೊಳ್ಳಿ, ಎಂಟ್ರಿಗಳನ್ನು ಕಣ್ಣಲ್ಲೇ ನೋಡಿ ತಿದ್ದಬಹುದು. ಲ್ಯಾಬ್ ತುಂಬಾ ವಿಂಡೋಸ್ ಇದ್ದು ಡೊಮೇನ್ ಲಾಗಿನ್ ಬೇಕಿದ್ದರೆ ಇದು ಆಗುವುದಿಲ್ಲ, ವಿಂಡೋಸ್ ಡೊಮೇನ್ ನಡೆಸಬಲ್ಲ ಸಾಂಬಾ ಕಡೆ ಹೋಗಿ. ಲಿನಕ್ಸ್ ಮತ್ತು ವೆಬ್ ಆ್ಯಪ್‌ಗಳೇ ಜಾಸ್ತಿ ಇರುವ ಕಡೆ ನಾನು ಇದನ್ನೇ ಹಾಕಿ ಅನ್ನುತ್ತೇನೆ.