ದುಡ್ಡು ಕೇಳಿದ ‘ರಿಸರ್ಚ್’: ಅಪ್ಪನ ಪಾರ್ಕಿನ್ಸನ್‌ಗೆ ಮದ್ದು ಹುಡುಕಿ ನಾವು ಬಿದ್ದ ಗುಂಡಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ತೋಟ. ಅಪ್ಪನಿಗೆ 69 ವರ್ಷ. ಪಾರ್ಕಿನ್ಸನ್ ಶುರುವಾಗಿ ಆರು ವರ್ಷ ಆಯಿತು. ನಮಗೆ ಮೊದಲು ಗೊತ್ತಾದದ್ದು ಕೈ ನಡುಕದಿಂದ ಅಲ್ಲ, ಅಡಿಕೆ ಲೆಕ್ಕದ ಪುಸ್ತಕದಿಂದ. ಸಾಲಿನ ಶುರುವಿಗೆ ಸರಿಯಾಗಿದ್ದ ಅಕ್ಷರ ಕೊನೆಗೆ ಬರುವಾಗ ಸಾಸಿವೆ ಕಾಳಿನಷ್ಟು ಆಗುತ್ತಿತ್ತು. ಪೆನ್ನು ಸರಿ ಇಲ್ಲ ಅಂತ ಅಪ್ಪ ಮೂರು ಪೆನ್ನು ಬದಲಾಯಿಸಿದ್ದರು. ಮಂಗಳೂರಿನ ನರರೋಗ ಡಾಕ್ಟರು ಆ ಪುಸ್ತಕ ನೋಡಿಯೇ ಅರ್ಧ ಹೇಳಿಬಿಟ್ಟರು. ಈ ಕಾಯಿಲೆಯಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಮೆದುಳಿನಲ್ಲಿ ತಯಾರು ಮಾಡುವ ಕೋಶಗಳು ಸಾಯುತ್ತಾ ಬರುತ್ತವೆ. ಲೆವೊಡೋಪಾ ಮಾತ್ರೆ ಆ ಕೊರತೆ ತುಂಬುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ದಿನಕ್ಕೆ ಮೂರು ಹೊತ್ತು ಮಾತ್ರೆ ತೆಗೆದುಕೊಂಡು ಅಪ್ಪ ತೋಟಕ್ಕೆ ಹೋಗಿ ಬರುತ್ತಿದ್ದರು. ನಾವು ಅಷ್ಟಕ್ಕೆ ಸುಮ್ನೆ ಇರಬೇಕಿತ್ತು.

ಕಳೆದ ಮಳೆಗಾಲದಲ್ಲಿ ಭಾವ ಫೋನಿಗೆ ಒಂದು ವಿಡಿಯೊ ಕಳಿಸಿದರು. ದೂರದ ಊರಿನ ಒಂದು ಕ್ಲಿನಿಕ್. ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ರಿಸರ್ಚ್ ಅಂತೆ, ಕೆಲವೇ ಜನರನ್ನು ತೆಗೆದುಕೊಳ್ಳುತ್ತಾರಂತೆ. ಫೋನ್ ಮಾಡಿದೆ. ಒಂದು ಸಲಕ್ಕೆ 1,20,000 ರೂಪಾಯಿ, ಹಾಗೆ ಮೂರು ಸಲ. “ರಿಸರ್ಚ್ ಆದ್ದರಿಂದ ನಿಮಗೆ ಇಷ್ಟು ಕಡಿಮೆ” ಅಂದರು. ನನಗೆ ಆಗಲೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅಟ್ಟದಲ್ಲಿದ್ದ ಹಳೆ ಅಡಿಕೆ ಮಾರಿ, ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿದೆವು.

ಅಲ್ಲಿ ಹನ್ನೊಂದು ಪುಟದ ಒಪ್ಪಿಗೆ ಪತ್ರ ಕೊಟ್ಟರು. ಪೂರ್ತಿ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದುವುದು ಬಸ್ಸಿನ ಬೋರ್ಡಿನವರೆಗೆ ಮಾತ್ರ. ಅಪ್ಪನಿಗೆ ಅದೂ ಇಲ್ಲ. ಕನ್ನಡದ್ದು ಇದೆಯಾ ಅಂತ ಕೇಳಿದರೆ ಆ ಹುಡುಗಿ ನಕ್ಕಳು. ಪ್ರತಿ ಪುಟದ ಕೆಳಗೆ ಬೆರಳಿಟ್ಟು “ಇವಿಡೆ ಒಪ್ಪಿಟ್ಟೋಳು” ಅನ್ನುತ್ತಾ ಹೋದಳು. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ. ನಮಗೆ ಒಪ್ಪು ಅಂದರೆ ಒಪ್ಪಿಗೆ. ಅವರಿಗೆ ಬೇಕಿದ್ದದ್ದು ಅವರ ಒಪ್ಪು ಮಾತ್ರ. ಅಪ್ಪ ನಡುಗುವ ಕೈಯಲ್ಲಿ ಹನ್ನೊಂದು ಸಲ ಸಹಿ ಹಾಕಿದರು. ಪ್ರತಿ ಕೇಳಿದೆ, ಅಂಚೆಯಲ್ಲಿ ಕಳಿಸುತ್ತೇವೆ ಅಂದರು. ಬರಲೇ ಇಲ್ಲ.

ಆಮೇಲೆ ಕೈಗೆ ಒಂದು ಡ್ರಿಪ್. ಮುಕ್ಕಾಲು ಗಂಟೆ. ಮುಗಿಯಿತು.

ನಾಲ್ಕು ದಿನ ಅಪ್ಪ ನಿಜಕ್ಕೂ ಚುರುಕಾಗಿದ್ದರು. ಅಂಗಿಯ ಬಟನ್ ತಾವೇ ಹಾಕಿಕೊಂಡರು. ಅಮ್ಮ ಪಾಯಸ ಮಾಡಿದರು. ಹಾಗೆ ಆಗುವುದು ಸುಳ್ಳಲ್ಲ ಅಂತ ಮಂಗಳೂರಿನ ಡಾಕ್ಟರು ಆಮೇಲೆ ಹೇಳಿದರು. ಗುಣ ಆಗುತ್ತದೆ ಅಂತ ನಂಬಿದರೆ ಪಾರ್ಕಿನ್ಸನ್ ಇರುವವರ ಮೆದುಳು ತಾನೇ ಸ್ವಲ್ಪ ಡೋಪಮೈನ್ ಬಿಡುತ್ತದಂತೆ. ಅಮೆರಿಕದ ಸಿನ್ಸಿನಾಟಿಯಲ್ಲಿ 12 ರೋಗಿಗಳಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ನೋಡಿದ್ದಾರೆ. ಒಂದಕ್ಕೆ 100 ಡಾಲರ್ ಬೆಲೆ, ಇನ್ನೊಂದಕ್ಕೆ 1500 ಡಾಲರ್ ಅಂತ ಹೇಳಿದ್ದರು. 1500ರ ಉಪ್ಪುನೀರೇ ಜಾಸ್ತಿ ಕೆಲಸ ಮಾಡಿತು. 2015ರಲ್ಲಿ ಅದು ಪ್ರಕಟವಾಗಿದೆ. ನಮ್ಮದು ಒಂದು ಲಕ್ಷ ಇಪ್ಪತ್ತು ಸಾವಿರದ್ದು, ಕೆಲಸ ಮಾಡದೆ ಇರುತ್ತದಾ!

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಬಿಟ್ಟುಬಿಡುತ್ತಿದ್ದೆ. ಐದನೇ ದಿನ ಕ್ಲಿನಿಕ್ಕಿನಿಂದ ಫೋನ್ ಬಂತು. ಹೊಸ ಕೋಶ ಬೇರು ಬಿಡಬೇಕಾದರೆ ಹಳೆ ಮಾತ್ರೆ ನಿಲ್ಲಿಸಬೇಕಂತೆ. ನಿಲ್ಲಿಸಿದೆವು. ಎರಡನೇ ದಿನ ಅಪ್ಪ ಮಂಚದಿಂದ ಏಳಲಿಲ್ಲ. ಮೈ ಒಣ ಮರದ ಹಾಗೆ ಬಿಗಿ. ಬಾಯಿಗೆ ಹಾಕಿದ ಗಂಜಿ ನುಂಗದೆ ಹಾಗೇ ಇಟ್ಟುಕೊಂಡಿದ್ದರು. ಮೂರನೇ ರಾತ್ರಿ ಜೋರು ಜ್ವರ, ನನ್ನನ್ನು ತೀರಿಹೋದ ದೊಡ್ಡಪ್ಪನ ಹೆಸರು ಹಿಡಿದು ಕರೆಯತೊಡಗಿದರು. ಆಂಬುಲೆನ್ಸಿನಲ್ಲಿ ತಲಪಾಡಿ ಗಡಿ ದಾಟುವವರೆಗೆ ನನಗೆ ಉಸಿರು ಇರಲಿಲ್ಲ. ಲೆವೊಡೋಪಾ ಏಕಾಏಕಿ ನಿಲ್ಲಿಸಿದರೆ ಹೀಗೇ ಆಗಬಹುದು, ಜೀವವೇ ಹೋಗಬಹುದು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು.

ಡಾಕ್ಟರು ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ಆದದ್ದು. “ಕೈಗೆ ಹಾಕಿದ ಸೆಲ್ ಮೆದುಳಿಗೆ ಬಸ್ಸು ಹಿಡಿದು ಹೋಗುತ್ತದಾ ಮಾರಾಯ್ರೆ?” ಅಂತ ಕೇಳಿದರು. ನಿಜವಾದ ಸ್ಟೆಮ್ ಸೆಲ್ ಸಂಶೋಧನೆ ನಡೆಯುತ್ತಾ ಇದೆ. 2025ರ ಏಪ್ರಿಲ್‌ನಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಎರಡು ವರದಿ ಬಂದವು. ಜಪಾನಿನ ಕ್ಯೋಟೊದಲ್ಲಿ 7 ಜನ, ಅಮೆರಿಕ ಮತ್ತು ಕೆನಡಾದಲ್ಲಿ 12 ಜನ. ಅವರಿಗೆ ತಲೆಬುರುಡೆಗೆ ಸಣ್ಣ ತೂತು ಮಾಡಿ, ಮೆದುಳಿನ ಒಳಗೇ ಕೋಶ ಇಟ್ಟು, ದೇಹ ಅದನ್ನು ತಳ್ಳಿಹಾಕದಂತೆ ಔಷಧಿ ಕೊಟ್ಟು, ಒಂದೂವರೆ ಎರಡು ವರ್ಷ ಸ್ಕ್ಯಾನ್ ಮಾಡುತ್ತಾ ಕಾದರು. ಅದೂ ಮುಖ್ಯವಾಗಿ ಅಪಾಯ ಇಲ್ಲವಲ್ಲ ಅಂತ ನೋಡಲಿಕ್ಕೆ. ಗುಣ ಆಗುತ್ತದೆ ಅಂತ ಆ ವರದಿಗಳಲ್ಲಿ ಅವರೇ ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ಐಸಿಎಂಆರ್‌ನ (ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಪಾರ್ಕಿನ್ಸನ್‌ಗೆ ಸ್ಟೆಮ್ ಸೆಲ್ ಇನ್ನೂ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ರೋಗಿಯ ಹತ್ತಿರ ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಪ್ರಯೋಗದಿಂದ ತೊಂದರೆ ಆದರೆ ಚಿಕಿತ್ಸೆ ಅವರದ್ದೇ ಖರ್ಚಿನಲ್ಲಿ, ಅದು 2019ರ ನಿಯಮ. ಒಪ್ಪಿಗೆ ಪತ್ರ ರೋಗಿಗೆ ಅರ್ಥ ಆಗುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಮ್ಮ ಕೈಗೆ ಬರಬೇಕು. ನಮ್ಮ ಗಡಿಯವರು ಇದನ್ನು ಗಟ್ಟಿಯಾಗಿ ಕೇಳಬೇಕು, ಕನ್ನಡದ್ದು ಕೊಡಿ ಅಂತ. ಪ್ರಯೋಗಕ್ಕೆ ಸಿಟಿಆರ್‌ಐ ಎಂಬ ಸರಕಾರಿ ನೋಂದಣಿಯ ನಂಬರ್ ಇರಬೇಕು. 2009ರಿಂದ ಕಡ್ಡಾಯ. ಆನ್‌ಲೈನಿನಲ್ಲಿ ಯಾರು ಬೇಕಾದರೂ ನೋಡಬಹುದು. ನಂಬರ್ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ, ಅದು ಬರೀ ದಾಖಲೆ. ಆ ನಂಬರನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಯಾರು ಏನೇ ಹೇಳಲಿ, ನಿಮ್ಮ ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಅಪ್ಪ ಈಗ ಮತ್ತೆ ಮೂರು ಹೊತ್ತು ಮಾತ್ರೆಯಲ್ಲಿದ್ದಾರೆ. ತೋಟಕ್ಕೆ ಒಬ್ಬರೇ ಹೋಗುವುದಿಲ್ಲ. ಲೆಕ್ಕದ ಪುಸ್ತಕ ಅಮ್ಮ ಬರೆಯುತ್ತಾರೆ.

ದೀಪಾವಳಿಗೆ ಮುಂಚೆ ಕ್ಲಿನಿಕ್ಕಿನ ಹುಡುಗಿ ಮತ್ತೆ ಫೋನ್ ಮಾಡಿದ್ದಳು, ಎರಡನೇ ಡೋಸ್ ಯಾವಾಗ ಅಂತ. ಸಿಟಿಆರ್‌ಐ ನಂಬರ್ ಕಳಿಸಿ ಅಂದೆ. ಸಂಜೆಯೊಳಗೆ ಕಳಿಸುತ್ತೇನೆ ಚೇಟ್ಟಾ ಅಂದಳು. ಈಗ ಎರಡನೇ ಕೊಯ್ಲು ಮುಗಿದು ಅಡಿಕೆ ಅಂಗಳದಲ್ಲಿ ಒಣಗುತ್ತಿದೆ.